ಇಪ್ಪತ್ತನಾಲ್ಕು ಡಬ್ಬಿಗಳ ವಿಮೋಚನಾ ಸಮರ

"ಹದಿನೈದು ದಿನ! ಕೇವಲ ಹದಿನೈದು ದಿನಗಳಲ್ಲಿ ಈ ಅಡುಗೆಮನೆಯನ್ನು ಪ್ಲಾಸ್ಟಿಕ್ಕಿನ ದಾಸ್ಯದಿಂದ ಬಿಡಿಸದಿದ್ದರೆ ನಾನು ಕೆಮಿಸ್ಟ್ರಿ ಓದಿದವನೇ ಅಲ್ಲ!" ಎಂದು ನಾನು ಮುಂಬೈ ಪಕ್ಕದ ಡೊಂಬಿವಲಿ ಪೂರ್ವದ ನಮ್ಮ ಫ್ಲ್ಯಾಟಿನಲ್ಲಿ ನಿಂತು ಘೋಷಿಸಿದಾಗ ನನ್ನ ಹೆಂಡತಿ ಮುಕ್ತಾ ಬದನೆಕಾಯಿ ಹೆಚ್ಚುತ್ತಿದ್ದಳು. ಚಾಕು ನಿಲ್ಲಲಿಲ್ಲ.

"ಹೋದ ವರ್ಷ ಇದೇ ಗಂಟಲಲ್ಲಿ ಹೇಳಿ ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆಸಿದ್ರಲ್ಲ, ಒಟ್ಟು ಎಷ್ಟು ಬಂತು?"

"ಹನ್ನೊಂದು ಎಲೆ," ಎಂದೆ. ಸೋಲಾದರೂ ಸರಿ, ಅಂಕಿ ಸರಿಯಾಗಿರಬೇಕು ಎನ್ನುವವನು ನಾನು. ಶಹಾಡಿನ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷದಿಂದ ಗುಣಮಟ್ಟ ಪರೀಕ್ಷಿಸುತ್ತಿದ್ದೇನೆ. ಸೀಸೆಗೆ ಚೀಟಿ ಅಂಟಿಸುವ ವಿಷಯದಲ್ಲಿ ನಮ್ಮ ಕಿರಿಯರು ನನಗೆ ಹೆದರುವಷ್ಟು ಮ್ಯಾನೇಜರಿಗೂ ಹೆದರುವುದಿಲ್ಲ.

ಈ ಸಲ ಮಾತ್ರ ನನ್ನ ಹಟಕ್ಕೆ ಕಾರಣವಿತ್ತು. ಮಗಳು ಮಾನಸಿಗೆ ಏಳನೇ ತಿಂಗಳು. ಬಿಸಿ ಪದಾರ್ಥವನ್ನು ಪ್ಲಾಸ್ಟಿಕ್ಕಿನಲ್ಲಿ ಇಡಬೇಡ, ಅದರಲ್ಲಿಟ್ಟು ಬಿಸಿಯನ್ನೂ ಮಾಡಬೇಡ ಎಂದು ಅವಳ ಡಾಕ್ಟರು ಹೇಳಿದ್ದರು. ನಾನು ಓದತೊಡಗಿದೆ. ಬಿಸ್ಫೆನಾಲ್, ಥಾಲೇಟ್ ಎಂಬ ರಾಸಾಯನಿಕಗಳು ಬಿಸಿ ತಾಗಿದರೆ, ಡಬ್ಬಿ ಹಳತಾಗಿ ಗೀರು ಬಿದ್ದರೆ, ಆಹಾರಕ್ಕೆ ಸ್ವಲ್ಪ ಸ್ವಲ್ಪ ಇಳಿಯಬಹುದು. ಇಳಿದವು ಹಾರ್ಮೋನಿನ ವೇಷ ಕಟ್ಟಿಕೊಂಡು ಶರೀರದ ರಂಗಸ್ಥಳಕ್ಕೆ ನುಗ್ಗುತ್ತವೆ! ಎಷ್ಟು ಇಳಿದರೆ ಎಷ್ಟು ಹಾನಿ ಎಂಬುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ, ನಿಜ. ಆದರೆ ಸುಲಭವಾಗಿ ತಪ್ಪಿಸಬಹುದಾದ್ದನ್ನು ಯಾಕೆ ತಪ್ಪಿಸಬಾರದು?

ಇನ್ನೊಂದು ಕಾರಣವನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಬಾಣಂತನ ತವರಿನಲ್ಲೇ ಎಂದು ನಾವು ಕಾಯುತ್ತಿದ್ದರೆ, ಬೀಗಿತಿ ಉಮಾವತಿಯಮ್ಮ ಫೋನಿನಲ್ಲಿ, "ಆಸ್ಪತ್ರೆ ವಾಶಿಯಲ್ಲೇ ಉಂಟಲ್ಲ, ನಮ್ಮ ಮನೆ ದೊಡ್ಡದೂ ಹೌದು. ಇಲ್ಲೇ ಇರ್ಲಿಯಾ ಅಂತ. ಬಯಕೆ ಊಟಕ್ಕೆ ಬಂದಾಗ ಮಾತಾಡುವ," ಎಂದಿದ್ದರು. ಮಗಳು ಬರುತ್ತಾಳೋ ಇಲ್ಲವೋ ಎಂಬುದು ಹದಿನೈದು ದಿನಗಳಾಚೆ, ಬಯಕೆ ಊಟದ ಭಾನುವಾರ ಮಧ್ಯಾಹ್ನ ತೀರ್ಮಾನ! ನಮ್ಮ ಮನೆ ಚಿಕ್ಕದಿರಬಹುದು, ಆದರೆ ಠಾಣೆ ಜಿಲ್ಲೆಯಲ್ಲೇ ಅತ್ಯಂತ ಶುದ್ಧವಾದದ್ದು ಎಂದು ತೋರಿಸಬೇಕಿತ್ತು.

ಅದರಲ್ಲೂ ಬೀಗರಾದ ಕಿಟ್ಟಣ್ಣನವರಿಗೆ. ವಾಶಿಯಲ್ಲಿ ಅವರ ಸಸ್ಯಾಹಾರಿ ಹೋಟೆಲಿನ ಸಾರು ಕುಡಿಯಲೆಂದೇ ಜನ ಪನ್ವೇಲಿನಿಂದ ಬರುತ್ತಾರೆ. ಹಿಂದಿನ ತಿಂಗಳು ನಾನು ಅವರಿಗೆ ಫೋನು ಮಾಡಿ, ಕುದಿಯುವ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಪಾರ್ಸೆಲ್ ಕೊಡುವುದರ ಬಗ್ಗೆ ನಲವತ್ತು ನಿಮಿಷ ಉಪನ್ಯಾಸ ಕೊಟ್ಟಿದ್ದೆ. ಅವರು, "ಹೌದಾ ಭಟ್ರೆ?" ಎಂದು ಆರು ಸಲ ಹೇಳಿದ್ದರು.

ಸಮರ ಶುರುವಾಯಿತು! ಗೀರು ಬಿದ್ದ ಡಬ್ಬಿಗಳು, ಸಾಂಬಾರು ಬಿಸಿಮಾಡಿ ಹಳದಿಗಟ್ಟಿದ ಬಟ್ಟಲುಗಳು ಎಲ್ಲ ಹೊರಗೆ.

"ಆ ಐಸ್‌ಕ್ರೀಮ್ ಡಬ್ಬಿ ಮುಟ್ಬೇಡಿ! ಮಾನಸಿ ಹತ್ತನೇ ಕ್ಲಾಸ್ ಪಾಸಾದಾಗ ತಂದದ್ದು!"

"ಅವಳೀಗ ತಾಯಿಯಾಗ್ತಿದ್ದಾಳೆ ಮುಕ್ತಾ. ಡಬ್ಬಿಗೆ ನಿವೃತ್ತಿ ಬೇಡವಾ?"

ಕೊನೆಗೆ ಆ ಡಬ್ಬಿಗೆ ಹೊಲಿಗೆ ಸಾಮಾನಿನ ಖಾತೆ ಸಿಕ್ಕಿತು. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನೂ ಓಡಿಸಿ, ಅಂಟುವಾಳ ಕಾಯಿ ಒಣಗಿಸಿ ಪುಡಿ ಮಾಡಿಸಿದೆ. ನಮ್ಮ ಅಜ್ಜಿಯ ಕಾಲದ ಸೋಪು, ಒಳ್ಳೆ ನೊರೆ ಬರುತ್ತದೆ.

ಸ್ಟೇಷನ್ ಹತ್ತಿರದ ಜಯೇಶ್‌ಭಾಯಿಯ ಪಾತ್ರೆ ಅಂಗಡಿಯಲ್ಲಿ ಒಂದೇ ಅಳತೆಯ ಇಪ್ಪತ್ತನಾಲ್ಕು ಸ್ಟೀಲ್ ಡಬ್ಬಿ ಕೊಂಡೆ. ಪಾತ್ರೆ ಕೊಂಡರೆ ಅದರ ಮೇಲೆ ಮಷೀನಿನಲ್ಲಿ ಟರ್ರ್ ಎಂದು ಹೆಸರು ಕೊರೆದುಕೊಡುವುದು ಅಲ್ಲಿನ ರೂಢಿ.

"ಹೆಸರು ಯಾರದು ಸಾಹೇಬ್? ಭಾಭೀಜಿಯದ್ದಾ?"

"ಹೆಸರಲ್ಲ. ನಂಬರು. ಒಂದರಿಂದ ಇಪ್ಪತ್ತನಾಲ್ಕು."

ಜಯೇಶ್‌ಭಾಯಿ ನನ್ನನ್ನು ಒಮ್ಮೆ ನೋಡಿ ಕೇಳಿದ, "ಡಬ್ಬೇ ಪೇ ಯಾ ಢಕ್ಕನ್ ಪೇ?"

ವಿಧಿ ನನಗೆ ಕೊಟ್ಟ ಕೊನೆಯ ಅವಕಾಶ ಅದು! ಡಬ್ಬಿಯ ಮೇಲೋ, ಮುಚ್ಚಳದ ಮೇಲೋ? ನಮ್ಮ ಡಬ್ಬಿಗಳು ಇರುವುದು ಒಲೆಯ ಕೆಳಗೆ ಹೊರಕ್ಕೆಳೆಯುವ ಟ್ರಾಲಿಯಲ್ಲಿ. ಮೇಲಿನಿಂದ ಕಾಣುವುದು ಮುಚ್ಚಳ ಮಾತ್ರ. ಒಂದು ಕ್ಷಣವೂ ಯೋಚಿಸದೆ ಹೇಳಿದೆ, "ಢಕ್ಕನ್ ಪೇ!"

ಮನೆಯಲ್ಲಿ ರಿಜಿಸ್ಟರ್ ತೆರೆದೆ. ಒಂದು ಸಕ್ಕರೆ, ಎರಡು ಉಪ್ಪು, ಮೂರು ಸಾರಿನ ಪುಡಿ... ಕೊನೆಯಲ್ಲಿ ಉಳಿದ ಇಪ್ಪತ್ತನಾಲ್ಕನೆಯದಕ್ಕೆ ಅಂಟುವಾಳದ ಪುಡಿ. ಜೋಡಿಸಿದ್ದು ಮಾತ್ರ ನಂಬರಿನ ಪ್ರಕಾರ ಅಲ್ಲ, ಬಳಕೆಯ ಪ್ರಕಾರ. ಅಂಟುವಾಳ ದಿನಕ್ಕೆ ಮೂರು ಸಲ ಬೇಕಾದ್ದರಿಂದ ಅದಕ್ಕೆ ಮುಂದಿನ ಸಾಲಿನ ಮೂರನೇ ಆಸನ.

"ಡಬ್ಬಿ ತೆಗೆದು ಮೂಸಿದ್ರೆ ಗೊತ್ತಾಗುದಿಲ್ವಾ ಮಾರಾಯ್ರೆ? ಅದಕ್ಕೆ ಎಂತಕ್ಕೆ ಪುಸ್ತಕ?" ಎಂದಳು ಮುಕ್ತಾ.

"ಮೂಗು ನಿಖರವಾದ ಉಪಕರಣವಲ್ಲ ಮುಕ್ತಾ. ನಂಬರು ಸುಳ್ಳು ಹೇಳುವುದಿಲ್ಲ!"

ಶನಿವಾರ ಸಂಜೆ ನಾನು ಮನೆಗೆ ಬಂದಾಗ ಟ್ರಾಲಿ ಮಿರಮಿರ ಮಿಂಚುತ್ತಿತ್ತು. ಮನೆಕೆಲಸದ ದ್ರೌಪದಿಬಾಯಿ ಕೈ ಒರೆಸಿಕೊಳ್ಳುತ್ತಾ ಹೆಮ್ಮೆಯಿಂದ ನಿಂತಿದ್ದಳು. "ಸಾಹೇಬ್, ಸಗಳೀ ಝಾಕಣ ಚಕಾಚಕ್!" ಮುಚ್ಚಳಗಳೆಲ್ಲ ಫಳಫಳ. ಅಷ್ಟೇ ಅಲ್ಲ, ಒಂದರಿಂದ ಇಪ್ಪತ್ತನಾಲ್ಕರವರೆಗೆ ಸಿಪಾಯಿಗಳಂತೆ ಸಾಲಾಗಿದ್ದವು! ವೈಜ್ಞಾನಿಕ ಮನೋಭಾವ ಎಷ್ಟು ಬೇಗ ಹರಡುತ್ತದೆ ಎಂದು ನನ್ನ ಎದೆ ಉಬ್ಬಿತು.

ಭಾನುವಾರ. ಹೋಳಿಗೆ, ಪಾಯಸ, ಕೋಸಂಬರಿ, ಗುಳ್ಳ ಬದನೆಯ ಹುಳಿ ಎಲ್ಲ ಮುಕ್ತಾಳ ಕೈಯಲ್ಲಿ ತಯಾರಾಗಿದ್ದವು. ನಾನು ಸೊಂಟಕ್ಕೆ ಟವೆಲು ಬಿಗಿದೆ. "ಸಾರು ನನ್ನದು! ಕಿಟ್ಟಣ್ಣನವರು ಒಂದು ಲೋಟ ಕುಡಿದು ಎರಡನೆಯದು ಕೇಳಬೇಕು."

"ಪುಡಿ ಹಾಕುವಾಗ ಒಮ್ಮೆ ಮೂಸಿ ನೋಡಿ ಆಯ್ತಾ," ಎಂದು ಮುಕ್ತಾ ಸೀರೆ ಬದಲಿಸಲು ಹೋದಳು.

ಮುಂದಿನ ಸಾಲು, ಮೂರನೇ ಡಬ್ಬಿ, ಮುಚ್ಚಳದ ಮೇಲೆ ಸ್ಪಷ್ಟವಾಗಿ 3. ಬಣ್ಣ ಕೊಂಚ ಪೇಲವ ಅನ್ನಿಸಿತು. ಮಗಳಿಗೆ ಎದೆಯುರಿಯೆಂದು ಮುಕ್ತಾ ಮೆಣಸು ಕಡಿಮೆ ಹಾಕಿರಬೇಕು, ಎಂಥ ತಾಯಿ ಹೃದಯ! ತಕ್ಕಡಿಯಲ್ಲಿ ಇಪ್ಪತ್ತು ಗ್ರಾಂ ತೂಗಿ, ಕುದಿಯುವ ಬೇಳೆಕಟ್ಟಿಗೆ ಹಾಕಿ ಸೌಟು ಆಡಿಸಿದೆ.

ಸಾರು ಕುದಿಯಲಿಲ್ಲ, ಅವತಾರ ಎತ್ತಿತು! ಮೊದಲು ಬಿಳಿ ಗುಳ್ಳೆ. ಆಮೇಲೆ ಗುಳ್ಳೆಯ ಮೇಲೆ ಗುಳ್ಳೆ. ಪಾತ್ರೆಯ ಅಂಚು ದಾಟಿದ ನೊರೆ ಒಲೆಯನ್ನು ಆರಿಸಿ, ಕಟ್ಟೆಯಿಂದ ಇಳಿದು ನನ್ನ ಪಾದಪೂಜೆಗೆ ಬಂತು. ಕ್ಷೀರಸಾಗರ ಮಥನವೇ ಸರಿ, ಅಮೃತ ಒಂದು ಬಿಟ್ಟು! ಗ್ಯಾಸು ಬಂದ್ ಮಾಡಿದೆ. ಅಷ್ಟರಲ್ಲಿ ಕರೆಗಂಟೆ.

ಮಾನಸಿ ನೇರ ಅಡುಗೆಮನೆಗೇ ಬಂದಳು. "ಅರೇ ಅಪ್ಪಾ, ಯೇ ಕ್ಯಾ ಹೈ? ಸಾರಿಗೆ ಶಾಂಪೂ ಹಾಕಿದ್ರಾ?"

ಅವಳ ಹಿಂದೆ ಉಮಾವತಿಯಮ್ಮ, ಅವರ ಹಿಂದೆ ಕಿಟ್ಟಣ್ಣನವರು. ಅಳಿಯ ಸಮಿತ್ ಮಾತ್ರ ಕೆಳಗೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಕಿಟ್ಟಣ್ಣನವರು ಬಗ್ಗಿ ಮೂಸಿದರು. ಮೂವತ್ತೈದು ವರ್ಷ ಸಾರು ಮೂಸಿದ ಮೂಗು! "ಅಂಟುವಾಳ, ಭಟ್ರೆ. ಒಳ್ಳೆ ಜಾತಿದೇ," ಎಂದರು.

"ಅಯ್ಯೋ, ಉಳಿದ ಅಡುಗೆ?" ಎಂದು ನಾನು ಕಂಗಾಲಾದೆ.

ಓಡಿಬಂದ ಮುಕ್ತಾ ಹೇಳಿದಳು, "ಅದಕ್ಕೆ ಎಂತ ಆಗ್ಲಿಲ್ಲ. ನಿಮ್ಮ ನಂಬರು ಇದುವರೆಗೆ ನಾನು ನೋಡಿಯೇ ಇಲ್ಲ. ಎಲ್ಲ ಮೂಸಿಯೇ ಹಾಕಿದ್ದು!"

ಆಗ ಹೊಳೆಯಿತು. ದ್ರೌಪದಿಬಾಯಿ ಡಬ್ಬಿಗಳನ್ನು ಇದ್ದಲ್ಲೇ ಬಿಟ್ಟು, ಮುಚ್ಚಳಗಳನ್ನೆಲ್ಲ ಒಟ್ಟಿಗೆ ತೊಳೆದು, ಎಡದಿಂದ ಬಲಕ್ಕೆ ಒಂದು, ಎರಡು, ಮೂರು ಎಂದು ಶ್ರದ್ಧೆಯಿಂದ ಮುಚ್ಚಿಟ್ಟಿದ್ದಳು. ತಪ್ಪು ಅವಳದ್ದಲ್ಲ. ಉಮಾವತಿಯಮ್ಮ ನೊರೆಯನ್ನು ನೋಡಿದರು, ಸೊಸೆಯ ಹೊಟ್ಟೆಯನ್ನು ನೋಡಿದರು. ಬಾಣಂತನ ವಾಶಿಗೆ ಹೋಯಿತು ಎಂದುಕೊಂಡೆ.

"ಸಾರಿಗೆ ಚಿಂತೆ ಬೇಡ," ಎಂದು ಕಿಟ್ಟಣ್ಣನವರು ಚೀಲದಿಂದ ದೊಡ್ಡ ಸ್ಟೀಲ್ ಕ್ಯಾನೊಂದನ್ನು ಎತ್ತಿದರು. ಮುಚ್ಚಳ ತೆರೆದರೆ ಬಿಸಿಬಿಸಿ ಹೋಟೆಲಿನ ಸಾರು!

"ಬೀಗರ ಮನೆಗೆ ಸಾರು ಹೊತ್ತುಕೊಂಡು ಹೋಗ್ತಾರಾ ಅಂತ ಬೈದೆ ನಾನು," ಎಂದರು ಉಮಾವತಿಯಮ್ಮ. "ಹುಡುಗಿಗೆ ಬಯಕೆ ಅಂತೆ, ಇವರು ಕೇಳ್ಲೇ ಇಲ್ಲ."

"ಮೊದಲಾದ್ರೆ ಪ್ಲಾಸ್ಟಿಕ್ ಚೀಲದಲ್ಲಿ ತರ್ತಿದ್ದೆ," ಎಂದರು ಕಿಟ್ಟಣ್ಣನವರು. "ನಿಮ್ಮ ನಲವತ್ತು ನಿಮಿಷದ ಭಾಷಣ ಕೇಳಿದ ಮೇಲೆ ಕೈ ಬರ್ಲಿಲ್ಲ. ಮನೆಯಿಂದ ಡಬ್ಬಿ ತಂದವರಿಗೆ ಒಂದು ವಡೆ ಫ್ರೀ ಅಂತ ಬೋರ್ಡೂ ಹಾಕಿದ್ದೇನೆ. ದಿನಕ್ಕೆ ಮೂವತ್ತು ಜನ ತರ್ತಾರೆ!"

ನನ್ನ ಉಪದೇಶ ವಾಶಿಯಲ್ಲಿ ಗೆದ್ದಿತ್ತು, ನನ್ನ ಮನೆಯಲ್ಲಿ ಮಾತ್ರ ನೊರೆಯಾಗಿತ್ತು! ಕಿಟ್ಟಣ್ಣನವರ ಸಾರನ್ನು ನಾನೇ ಎರಡು ಲೋಟ ಕುಡಿದೆ.

ಊಟದ ನಂತರ ಮಾನಸಿ ಟ್ರಾಲಿಯ ಮುಂದೆ ಮಣೆ ಹಾಕಿಸಿಕೊಂಡು ಕೂತಳು. ಬಸಿರಿನ ಮೂಗು ಎಂದರೆ ಅದೆಂಥ ಉಪಕರಣ ಎಂದು ಅಂದು ಕಂಡೆ! ಮುಚ್ಚಳ ಅರ್ಧ ಸರಿಸುವುದರೊಳಗೆ, "ಮೆಂತೆ. ಧನಿಯಾ. ಇದು ಸಾರಿನ ಪುಡಿ. ಛೀ, ಇಂಗು, ದೂರ ಇಡಿ!" ಅವಳು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಾ ಹೋದೆ. ಐದು ನಿಮಿಷ ಹತ್ತು ಸೆಕೆಂಡು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು ಸರಿ.

ಡಬ್ಬಿಗಳ ಮೈಮೇಲೆ ಕಾಗದದ ಚೀಟಿ ಅಂಟಿಸುತ್ತಾ ಅವಳು ಅತ್ತೆಯತ್ತ ತಿರುಗಿದಳು. "ಅಮ್ಮಾ, ಡೆಲಿವರಿ ವಾಶಿಯಲ್ಲೇ ಆಗ್ಲಿ. ಆಮೇಲೆ ಮೂರು ತಿಂಗಳು ಇಲ್ಲಿರ್ತೇನೆ. ಇಷ್ಟೆಲ್ಲ ಒದ್ದಾಡಿದ್ದಾರೆ ಅಪ್ಪ, ನನಗೋಸ್ಕರ."

ಉಮಾವತಿಯಮ್ಮ ನಕ್ಕರು. "ಇರು ಮಗಾ. ನಿನ್ನಪ್ಪ ಸಾರು ಮಾಡ್ಲಿಕ್ಕಿಲ್ಲ ಅಂತಾದ್ರೆ ನನ್ನ ಅಡ್ಡಿ ಇಲ್ಲ."

ನನ್ನ ಕಣ್ಣು ತುಂಬಿತು. ಇಂಗಿನ ಡಬ್ಬಿ ಹತ್ತಿರವಿತ್ತು, ಅದರ ಘಾಟೆಂದುಕೊಂಡು ಯಾರೂ ಗಮನಿಸಲಿಲ್ಲ.

"ಆದ್ರೆ ಅಪ್ಪಾ," ಎಂದಳು ಮಾನಸಿ, "ಚಿಕ್ಕವಳಿದ್ದಾಗ ನಿಮ್ಮ ಲ್ಯಾಬ್ ನೋಡ್ಲಿಕ್ಕೆ ಕರ್ಕೊಂಡು ಹೋಗಿದ್ರಲ್ಲ, ಬಾಗಿಲ ಮೇಲೆ ಕೆಂಪು ಅಕ್ಷರದ ಬೋರ್ಡಿತ್ತು. ಎಂತ ಬರೆದಿತ್ತು ಅದ್ರಲ್ಲಿ?"

ನಾನು ನೆಲ ನೋಡಿದೆ. ಆ ಬೋರ್ಡು ಬರೆಸಿದವನೇ ನಾನು. ಇಪ್ಪತ್ತೇಳು ವರ್ಷದಿಂದ ಪ್ರತಿಯೊಬ್ಬ ಕಿರಿಯನಿಗೂ ಮೊದಲ ದಿನವೇ ಬಾಯಿಪಾಠ ಮಾಡಿಸುವ ನಿಯಮ.

"ಜೋರಾಗಿ ಹೇಳಿ!" ಎಂದಳು ಮುಕ್ತಾ.

"ಚೀಟಿ ಸೀಸೆಗೆ ಅಂಟಿಸಿ, ಮುಚ್ಚಳಕ್ಕಲ್ಲ," ಎಂದೆ ಮೆಲ್ಲಗೆ.

ಗೇಟಿಗೆ ಅಡ್ಡವೆಂದು ವಾಚ್‌ಮನ್ ಕರೆದದ್ದಕ್ಕೆ ಊಟವಾದ ಕೂಡಲೇ ಮತ್ತೆ ಕೆಳಗಿಳಿದು, ಕಾರು ಸರಿಸಿ, ಬೆವರೊರೆಸಿಕೊಳ್ಳುತ್ತಾ ಆಗಷ್ಟೇ ಒಳಗೆ ಬಂದ ಸಮಿತ್‌ಗೆ ಮಾನಸಿ ಗಂಭೀರವಾಗಿ ಹೇಳಿದಳು:

"ಸುನ್, ಆಸ್ಪತ್ರೆಯಲ್ಲಿ ಮಗುವಿನ ಹೆಸರಿನ ಚೀಟಿ ಕಟ್ಟುವಾಗ ನೀನೇ ಹತ್ತಿರ ನಿಂತಿರಬೇಕು. ಅಪ್ಪನಿಗೆ ಕೊಟ್ರೆ ಮಗುವಿನ ಕೈಗಲ್ಲ, ಟೊಪ್ಪಿಗೆ ಕಟ್ತಾರೆ!"