ಬ್ಯಾಂಕಾಕ್‌ನಿಂದ ಸಿಂಗಪುರದವರೆಗೆ ಪೊರಕೆ ಮುಟ್ಟಬಾರದು

ಆ ಭಾನುವಾರ ನೋಯ್ಡಾದ ಇಂದುಶೇಖರರ ಮನೆಯಲ್ಲಿ ಪೊರಕೆಗೆ ರಜೆ ಘೋಷಣೆಯಾಗಿತ್ತು. ಕಾರಣ, ಆಫೀಸಿನ ಕೆಲಸಕ್ಕೆ ಹೋಗಿದ್ದ ಮಗ ಚಂದನ್ ಬ್ಯಾಂಕಾಕ್‌ನಿಂದ ಸಿಂಗಪುರಕ್ಕೆ ಹಾರುತ್ತಿದ್ದ. ಮನೆಯವರು ಪ್ರಯಾಣದಲ್ಲಿದ್ದರೆ, ಅವರು ಮುಟ್ಟುವ ತನಕ ಮನೆ ಗುಡಿಸಬಾರದು ಎಂಬುದು ಹೆಂಡತಿ ವೈಜಯಂತಿಯ ಸಂವಿಧಾನ. (ದಿನವೂ ಓಡಾಡುವ ಮೆಟ್ರೋಗೆ ಮಾತ್ರ ವಿನಾಯಿತಿ.)

ಬೇರೆ ದಿನವಾಗಿದ್ದರೆ ಇಂದುಶೇಖರರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಹಿಂದಿನ ಸಂಜೆ ಎದ್ದ ಧೂಳಿನ ಬಿರುಗಾಳಿ ಅರ್ಧ ರಾಜಸ್ಥಾನವನ್ನು ತಂದು ಅವರ ಹಾಲ್‌ನಲ್ಲಿ ಸುರಿದಿತ್ತು. ಹನ್ನೊಂದು ಗಂಟೆಗೆ ಕನ್ನಡ ಸಂಘದ ಹಿರಿಯರು ಬರುವವರಿದ್ದರು, ಇವರನ್ನು ಅಧ್ಯಕ್ಷರನ್ನಾಗಿ ಮಾಡಬಹುದೇ ಎಂದು ನೋಡಲು. ಹತ್ತು ವರ್ಷ ಕಾದ ಕುರ್ಚಿ ಅದು. ಪೈಪೋಟಿಗೆ ಭಾಷಣಕಾರ ಚಿದಂಬರ ಬೇರೆ ಇದ್ದರು.

"ಹಾಲಂತೂ ಗುಡಿಸ್ಲೇಬೇಕು ಕಣೇ. ನೋಡು, ಸಾವಿರದ ನಾನೂರು ಕಿಲೋಮೀಟರು. ವಿಮಾನ ಗಂಟೆಗೆ ಎಂಟುನೂರು ಹೋಗುತ್ತೆ. ಅಂದ್ರೆ ಒಂದೂ ಮುಕ್ಕಾಲು ಗಂಟೆ. ನಮ್ಮ ಟೈಮು ಎಂಟಕ್ಕೆ ಹೊರಟಿದ್ದಾನೆ, ಒಂಬತ್ತೂ ಮುಕ್ಕಾಲಿಗೆ ಇಳೀತಾನೆ."

"ಇಲ್ಲಿಂದ ದೆಹಲಿಯ ರೋಹಿಣಿ ಬಡಾವಣೆ ನಲವತ್ತು ಕಿಲೋಮೀಟರು. ನಿಮ್ಮ ಕಾರು ಗಂಟೆಗೆ ಎಂಬತ್ತು ಹೋಗುತ್ತೆ. ಯಾವತ್ತಾದ್ರೂ ಅರ್ಧ ಗಂಟೇಲಿ ಮುಟ್ಟಿಸಿದ್ದೀರೇನ್ರೀ?"

"ಆಕಾಶದಲ್ಲಿ ಸಿಗ್ನಲ್ ಇರಲ್ಲ."

"ಇಳಿಯೋಕೆ ಸುತ್ತು ಹೊಡೆಸ್ತಾರಲ್ಲ, ಅದು? ಅವನ ಮೆಸೇಜ್ ಬರ್ಲಿ."

ಕೆಲಸದ ದೀದಿ ಒಂಬತ್ತಕ್ಕೇ ಬಂದಳು. ಪಾತ್ರೆ ತೊಳೆದಳು, ಎರಡು ಲೋಟ ಟೀ ಕುಡಿದಳು. ಒಂಬತ್ತೂ ಮುಕ್ಕಾಲಿಗೆ ಇಂದುಶೇಖರರು ಗೋಡೆ ಗಡಿಯಾರಕ್ಕೆ ಕೈ ತೋರಿಸಿ, "ಇಳಿದ" ಎಂದರು. ಫೋನಿಗೆ ಮೆಸೇಜ್ ಮಾತ್ರ ಇಳಿಯಲಿಲ್ಲ. ಹತ್ತಕ್ಕೆ ದೀದಿ, "ಭಯ್ಯಾ ಇಳಿದ ಮೇಲೆ ನೀವೇ ಗುಡಿಸಿಕೊಳ್ಳಿ" ಎಂಬರ್ಥದ ಹಿಂದಿಯನ್ನು ಆಡಿ, ಮುಂದಿನ ಮನೆಗೆ ನಡೆದಳು.

ಹತ್ತೂ ಮೂವತ್ತೈದಕ್ಕೆ ಮೆಸೇಜ್ ಬಂತು: "ಲ್ಯಾಂಡ್ ಆದೆ ಅಮ್ಮಾ."

"ಹೋಟೆಲ್ ಮುಟ್ಟಿಲ್ಲವಲ್ಲ ಇನ್ನೂ..." ಎಂದು ವೈಜಯಂತಿ ಯೋಚನೆಗೆ ಬಿದ್ದಳು. ಗಂಡನ ಮುಖ ನೋಡಿ ಕರುಣೆ ಹುಟ್ಟಿತು. "ಹೋಗ್ಲಿ, ನೆಲ ಮುಟ್ಟಿದಾನಲ್ಲ, ಸಾಕು. ತಗೊಳ್ಳಿ."

"ನಾನಾ?"

"ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕ್ಬೇಕು. ಹಾಲ್ ಹದಿನೈದು ಅಡಿ. ಎಷ್ಟು ಹೊತ್ತಾಗುತ್ತೆ ಅಂತ ನೀವೇ ಭಾಗಾಕಾರ ಮಾಡ್ಕೊಳ್ಳಿ."

ಭಾವೀ ಅಧ್ಯಕ್ಷರು ಪಂಚೆ ಮೇಲೆ ಕಟ್ಟಿ, ತಲೆಗೆ ಟವೆಲು ಸುತ್ತಿ, ಸೋಫಾದಡಿ ಅರ್ಧ ಶರೀರ ತೂರಿಸಿದ್ದಾಗ ಬೆಲ್ ಆಯಿತು. ಸಮಯಕ್ಕೆ ಕಾಲು ಗಂಟೆ ಮುಂಚೆ! ವೈಜಯಂತಿ ಬಾಗಿಲು ತೆರೆದು, ಮತ್ತೆ ಒಗ್ಗರಣೆಗೆ ಓಡಿದಳು. ಸಂಘದ ಹಿರಿಯ, ನಿವೃತ್ತ ಕರ್ನಲ್ ಪೂಣಚ್ಚ, ಇಬ್ಬರು ಸದಸ್ಯರೊಂದಿಗೆ ಬಾಗಿಲಲ್ಲೇ ನಿಂತು ಆ ಉಳಿದರ್ಧ ಶರೀರವನ್ನು ಸೈನಿಕ ದೃಷ್ಟಿಯಿಂದ ಪರೀಕ್ಷಿಸಿದರು.

"ಪ್ರತಿ ಭಾನುವಾರ ನೀವೇ ಗುಡಿಸ್ತೀರಾ?"

ಮಗನ ವಿಮಾನದ ಕಥೆ ಹೇಳಿದರೆ ಮೂಢನಂಬಿಕೆಯವನೆಂದುಕೊಂಡಾರು. ಇಂದುಶೇಖರರು ಧೂಳು ಕೊಡವಿ, "ನಮ್ಮ ಕೆಲಸ ನಾವೇ ಮಾಡಬೇಕು ಅನ್ನೋದು ನನ್ನ ತತ್ವ ಸಾರ್" ಎಂದರು. ಅಡುಗೆಮನೆಯಲ್ಲಿ ಸೌಟು ಕೈ ಜಾರಿದ ಸದ್ದಾಯಿತು.

"ಶಭಾಷ್! ಭಾಷಣ ಮಾಡೋರು ಸಂಘದಲ್ಲಿ ಬೇಕಾದಷ್ಟಿದ್ದಾರೆ. ನಿಮ್ಮಂಥೋರನ್ನೇ ಹುಡುಕ್ತಿದ್ವಿ" ಎಂದು ಪೂಣಚ್ಚ ಕೈ ಕುಲುಕಿದರು. ಉಪ್ಪಿಟ್ಟು ಎರಡೆರಡು ಸಲ ಬಡಿಸಲಾಯಿತು.

ಬುಧವಾರ ಸಂಘದ ಪತ್ರ ಬಂತು. ಅಧ್ಯಕ್ಷರು: ಚಿದಂಬರ. ಕೆಳಗೆ, ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣ ಗುಡಿಸುವ ಸಮಿತಿಯ ಸಂಚಾಲಕರು: ಇಂದುಶೇಖರ. ಸದಸ್ಯರು ಎಂಬಲ್ಲಿ ಬೇರೆ ಹೆಸರಿರಲಿಲ್ಲ. ಬದಲಿಗೆ ಆವರಣದೊಳಗೆ, "ಅವರ ತತ್ವದಂತೆ" ಎಂದಿತ್ತು.