ಐವತ್ತನೆಯ ಸಹಿ

ಹೊಲಿಗೆ ಯಂತ್ರದ ಒಂದು ತುದಿ ದರ್ಜಿಯ ಕೈಯಲ್ಲಿತ್ತು, ಇನ್ನೊಂದು ತುದಿ ಧೂಳುರಾಯರ ಕೈಯಲ್ಲಿ. ಇಬ್ಬರೂ ಬಿಡುವವರಲ್ಲ. ನಡುವೆ ಯಂತ್ರದ ಚಕ್ರ ಮಾತ್ರ ಯಾರ ಪಕ್ಷವನ್ನೂ ವಹಿಸದೆ ತನ್ನ ಪಾಡಿಗೆ ತಿರುಗುತ್ತಿತ್ತು.

"ಬಿಡಿ ಸಾರ್, ನಮ್ಮಜ್ಜಂದು ಇದು."

"ಮ್ಯೂಸಿಯಂದು!"

"ಮ್ಯೂಸಿಯಂ ಏನು ಹೊಲಿಯುತ್ತೆ? ಚೀಟಿ ನೋಡಿ. ನಿಮಗಿಂತ ಮುಂಚೆ ಇದ್ದವರೇ ಬರೆದುಕೊಟ್ಟಿದ್ದಾರೆ, 'ಕೇಳಿದಾಗ ಹಿಂತಿರುಗಿಸಲಾಗುವುದು' ಅಂತ. ಈಗ ಕೇಳ್ತಿದೀನಿ."

ಧೂಳುರಾಯರ ಕೈ ಸಡಿಲಾಯಿತು. ಎರಡು ಕೋಣೆಯ ಆ ವಸ್ತುಸಂಗ್ರಹಾಲಯವನ್ನು ಹದಿನೇಳು ವರ್ಷ ಒಬ್ಬರೇ ಒರೆಸಿ ಒರೆಸಿ ಅವರು ಸಂಪಾದಿಸಿದ ಹೆಸರು ಅದು. ಅಸಲಿ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ತಂಟೆ ಶುರುವಾದದ್ದು ಒಂದು ಪತ್ರದಿಂದ. ಕಳೆದ ಇಡೀ ವರ್ಷ ಬಂದವರು ಹನ್ನೊಂದು ಜನ. ಅವರಲ್ಲಿ ನಾಲ್ವರು ಮಳೆಗೆ ನಿಂತವರು. ಆದ್ದರಿಂದ ಇಂದು ಸಂಜೆ ಐದಕ್ಕೆ ಮೇಲಧಿಕಾರಿ ಬರುತ್ತಾರೆ. ಭೇಟಿ ಪುಸ್ತಕದಲ್ಲಿ ಈ ದಿನದ ಐವತ್ತು ಸಹಿ ಇರದಿದ್ದರೆ ಬಾಗಿಲಿಗೆ ಬೀಗ. ಸಿಬ್ಬಂದಿ ಮತ್ತು ಅವರ ನೆಂಟರ ಸಹಿ ಲೆಕ್ಕಕ್ಕಿಲ್ಲ. ನೀವು ಹೆಚ್ಚು ಜನರನ್ನು ತಲುಪಬೇಕು ಎಂದು ಕೊನೆಗೊಂದು ಉಪದೇಶ.

"ನೀವು ಇಲ್ಲಿದ್ದೀರ ಅಂತಲೇ ಜನಕ್ಕೆ ಗೊತ್ತಿಲ್ಲ ಚಿಕ್ಕಪ್ಪ" ಎಂದು ಅಣ್ಣನ ಮಗಳು ನಿನ್ನೆ ರಜೆ ಹಾಕಿ ಬಂದಳು. ಒಂದೊಂದೇ ವಸ್ತುವಿನ ಫೋಟೊ ತೆಗೆದು, ಯಾರು ಬೇಕಾದರೂ ತೆರೆದು ತಿದ್ದಬಹುದಾದ ಪುಟವೊಂದಕ್ಕೆ ಏರಿಸಿದಳು. 'ಇವುಗಳ ಬಗ್ಗೆ ನಿಮಗೇನಾದರೂ ಗೊತ್ತೇ? ಬರೆಯಿರಿ, ಬನ್ನಿರಿ!' ಲಿಂಕು ಇಪ್ಪತ್ತು ವಾಟ್ಸಾಪ್ ಗುಂಪುಗಳಿಗೂ ಫೇಸ್‌ಬುಕ್ಕಿಗೂ ಹೋಯಿತು.

ಜನಕ್ಕೆ ಗೊತ್ತಿತ್ತು. ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತಿತ್ತು. 'ಕಾಲ: ತಿಳಿದಿಲ್ಲ' ಎಂದಿದ್ದಲ್ಲಿ 'ನಮ್ಮತ್ತೆಗೆ ಹಲ್ಲಿದ್ದ ಕಾಲ' ಎಂದು ಒಬ್ಬರು ತಿದ್ದಿದರು. 'ಉಪಯೋಗ: ತಿಳಿದಿಲ್ಲ' ಎಂದಿದ್ದಲ್ಲಿ 'ಮಾವ ಬೆನ್ನು ಕೆರೆದುಕೊಳ್ಳುತ್ತಿದ್ದರು' ಎಂದು ಇನ್ನೊಬ್ಬರು. 'ಮಾಲೀಕರು' ಎಂಬ ಹೊಸ ಖಾನೆಯನ್ನು ಯಾರೋ ಪುಣ್ಯಾತ್ಮರು ತಾವಾಗಿಯೇ ಸೇರಿಸಿದರು. ಅದೂ ಭರ್ತಿಯಾಯಿತು. ಕೊನೆಗೊಬ್ಬರು ಹಳೆಯ ಚೀಟಿಯ ಚಿತ್ರ ಹಾಕಿ ಬರೆದರು: 'ಎಲ್ಲರ ಮನೆಯಲ್ಲೂ ಇಂಥದ್ದು ಇರಬೇಕು, ಹುಡುಕಿ.'

ಹುಡುಕಿದರು.

ಬೆಳಿಗ್ಗೆ ಹತ್ತಕ್ಕೆ ಬಾಗಿಲಲ್ಲಿ ಸಾಲು ಕಂಡು ಧೂಳುರಾಯರ ಕಣ್ಣು ತುಂಬಿ ಬಂದಿತ್ತು. ಸಾಲಿನವರ ಕೈಯಲ್ಲಿ ಚೀಲ, ಹಗ್ಗ, ಒಬ್ಬನ ಹಿಂದೆ ತಳ್ಳುಗಾಡಿ ಇದ್ದದ್ದು ಕಣ್ಣೊರೆಸಿಕೊಂಡ ಮೇಲೆ ಕಂಡಿತು.

"ಸಹಿಯಾದ್ರೂ ಹಾಕಿ ಹೋಗಪ್ಪ" ಎಂದು ಈಗ ದರ್ಜಿಗೆ ಪೆನ್ನು ಚಾಚಿದರು.

"ಧಾರಾಳವಾಗಿ! ನೀವು ಆ ಕಡೆ ಸ್ವಲ್ಪ ಎತ್ತಿ."

ಇಪ್ಪತ್ತನೆಯ ಸಹಿ. ಒಂದು ಸಹಿ ಒಳಗೆ ಬಂದರೆ ಒಂದು ವಸ್ತು ಹೊರಗೆ ಹೋಗುತ್ತಿತ್ತು. ಕ್ಷೌರಿಕನ ಹಿಂದೆ ತಿರುಗುವ ಕುರ್ಚಿ ಹೋಯಿತು, ಬೇಕರಿಯವನ ಹಿಂದೆ ಗೋಡೆ ಗಡಿಯಾರ.

"ಅಜ್ಜಿ, ಈ ದುರ್ಬೀನು ನಿಮ್ಮದೇ ಅಂತ ಹೇಗೆ ಹೇಳ್ತೀರ?"

"ಎದುರುಮನೆಯವಳು ಮನೆ ಖಾಲಿ ಮಾಡಿದ್ಲಲ್ಲ, ಇನ್ನು ಯಾಕೆ ಅಂತ ಇಲ್ಲಿ ಕೊಟ್ಟಿದ್ದೆ. ಈಗ ಹೊಸಬಳು ಬಂದಿದಾಳೆ. ತಾರೋ ಇಲ್ಲಿ."

ಮಧ್ಯಾಹ್ನ ಅಣ್ಣನ ಮಗಳು ಕಿವಿಯ ಹತ್ತಿರ ಬಂದಳು. "ಚಿಕ್ಕಪ್ಪ, ಪುಟ ಮುಚ್ಚಿಬಿಡ್ಲಾ?"

"ಸಹಿ ಎಷ್ಟಾಯ್ತು?"

"ಮೂವತ್ತೆರಡು."

"ಹಾಗಾದ್ರೆ ಮುಚ್ಚಬೇಡ. ಇನ್ನೂ ಹದಿನೆಂಟು ಬೇಕು."

"ಇರೋದು ಹದಿನೇಳೇ ವಸ್ತು."



ನಾಲ್ಕೂವರೆಗೆ ಕಪಾಟುಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಧೂಳುರಾಯರು ಬೀದಿಗಿಳಿದು ದಾರಿಹೋಕರಿಬ್ಬರನ್ನು ಕರೆದರು. "ಏನು ಕೊಡ್ತೀರ?" ಎಂದು ಆ ಇಬ್ಬರೂ ಕೇಳಿದರು. ಏನೂ ಉಳಿದಿಲ್ಲ ಎಂದಾಗ ಅವರೂ ಉಳಿಯಲಿಲ್ಲ.

ಮೇಲಧಿಕಾರಿ ಐದು ನಿಮಿಷ ಮೊದಲೇ ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಬೆರಳಿಟ್ಟು ಎಣಿಸಿದರು. "ನಲವತ್ತೊಂಬತ್ತು! ಭೇಷ್ ಕಣ್ರೀ. ಐದರ ತನಕ ಕಾಯ್ತೀನಿ. ಅಂದಹಾಗೆ, ಸಾಮಾನೆಲ್ಲ ಎಲ್ಲಿ?"

"ಜನರನ್ನ ತಲುಪಬೇಕು ಅಂತ ಬರೆದಿದ್ರಲ್ಲ ಸಾರ್. ತಲುಪಿವೆ."

ಆಗ ಏದುಸಿರು ಬಿಡುತ್ತ ಒಬ್ಬ ಹೆಂಗಸು ಒಳಗೆ ಬಂದರು. ಕೈಯಲ್ಲಿ ಚೀಲವಿಲ್ಲ, ಹಗ್ಗವಿಲ್ಲ.

"ಸದ್ಯ, ಬಾಗಿಲು ಹಾಕಿಲ್ಲ! ಮೂರು ಬಸ್ ಬದಲಾಯಿಸಿ ಬಂದೆ. ನಿಮ್ಮ ಪುಟಾನ ಪೂರ್ತಿ ಓದಿದೀನಿ."

"ತಾವು... ಏನು ತಗೊಂಡು ಹೋಗೋಕೆ?" ಧೂಳುರಾಯರು ಗೋಡೆಗೆ ಒರಗಿದರು.

"ಅಯ್ಯೋ, ತಗೊಂಡು ಹೋಗೋಕಲ್ಲ. ನೋಡೋಕೆ."

ಹದಿನೇಳು ವರ್ಷದಲ್ಲಿ ಅವರ ಕಿವಿಗೆ ಬೀಳದ ಮಾತು. ಮೊದಲ ಕಪಾಟಿನ ಮುಂದೆ ನಿಂತು, "ಇಲ್ಲಿ ಹೊಲಿಗೆ ಯಂತ್ರ ಇತ್ತು" ಎಂದರು. "ಇಲ್ಲಿ ದುರ್ಬೀನು. ಅಗೋ, ಗಡಿಯಾರ ಇದ್ದ ಕಡೆ ಗೋಡೆ ಬಣ್ಣ ಮಾಸಿಲ್ಲ ನೋಡಿ." ಆಕೆ ಎರಡೂ ಕೋಣೆಗಳನ್ನು ನಿಧಾನವಾಗಿ, ಒಂದು ಮೂಲೆಯನ್ನೂ ಬಿಡದೆ ಸುತ್ತಿ ಬಂದರು. ಮೇಲಧಿಕಾರಿ ಕೈಗಡಿಯಾರ ನೋಡಿಕೊಂಡರು.

ಧೂಳುರಾಯರು ಭೇಟಿ ಪುಸ್ತಕ ತೆರೆದು, ಎರಡೂ ಕೈಯಲ್ಲಿ ಪೆನ್ನು ಹಿಡಿದು ಚಾಚಿದರು. "ಇಲ್ಲೊಂದು ಸಹಿ ತಾಯಿ. ಒಂದೇ ಒಂದು."

ಆಕೆ ಪುಟದ ತಲೆಯ ಮೇಲೆ ಅಚ್ಚಾಗಿದ್ದ ಸಾಲನ್ನು ಓದಿದರು: 'ಎಲ್ಲವನ್ನೂ ನೋಡಿದೆ, ಸಂತೋಷವಾಯಿತು.' ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ಇಲ್ಲಪ್ಪ. ಸುಳ್ಳಿಗೆ ನಾನು ಸಹಿ ಹಾಕೋದಿಲ್ಲ."