ಒಡೆದ ಪೈಪಿಗೆ ಒಬ್ಬ ‘ಐ’

ಒಂದು ಊಹೆ ಮಾಡಿ ನೋಡೋಣ. ನೀರು ಸರಬರಾಜು ಕಚೇರಿಯ ಎದುರಿಗೇ ಒಂದು ಪೈಪ್ ಒಡೆಯಿತು ಎನ್ನಿ. ಕಚೇರಿಯವರು ಮೊದಲು ಏನನ್ನು ರಿಪೇರಿ ಮಾಡಿದರು? ಪೈಪ್ ಅಂದಿರಾ? ಹಾಗಾದರೆ ನೀವು ಎಲ್ಲೂ ನೌಕರಿ ಮಾಡಿದವರಲ್ಲ. ರಸ್ತೆ? ಅದೂ ಅಲ್ಲ. ಇರಲಿ, ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಹೇಳಿಯೇಬಿಡುತ್ತೇನೆ. ಮೊದಲು ರಿಪೇರಿಯಾದದ್ದು ಇಂಗ್ಲಿಷ್. ಅದರಲ್ಲೂ ಸರ್ವನಾಮಗಳು. ಐ, ಯು, ಹಿ, ಶಿ, ಇಟ್, ವಿ, ದೇ.

ನಾನು ಆ ಕಚೇರಿಯ ಬಿಲ್ ವಿಭಾಗದಲ್ಲಿದ್ದು ನಿವೃತ್ತನಾದವನು. ಈಗಲೂ ಬೆಳಿಗ್ಗೆ ತಿಂಡಿ ಮುಗಿಸಿ ಅಲ್ಲಿಗೇ ಹೋಗಿ ಪೇಪರ್ ಓದುತ್ತೇನೆ. ಮನೆಯಲ್ಲಿ ಪೇಪರ್ ಬರುವುದಿಲ್ಲ ಎಂದಲ್ಲ, ಮನೆಯಲ್ಲಿ ಪ್ರಶ್ನೆಗಳು ಜಾಸ್ತಿ. ಆದ್ದರಿಂದ ನಡೆದದ್ದನ್ನೆಲ್ಲ ನಾನು ಫ್ಯಾನಿನ ಕೆಳಗೆ ಕೂತು ಕಣ್ಣಾರೆ ಕಂಡಿದ್ದೇನೆ.

ಪೈಪುಗಳನ್ನು ಕೊಡಿಸಿದ್ದು ಹೊರದೇಶದ ಒಂದು ಸಂಸ್ಥೆ. ಪೈಪ್ ಒಡೆದಾಗ ಅವರಿಗೆ ಇಂಗ್ಲಿಷಿನಲ್ಲಿ ವರದಿ ಕಳಿಸಬೇಕು. ನಮ್ಮ ದೊಡ್ಡ ಸಾಹೇಬರು ಒಬ್ಬರೇ ಬಂದು, ಪೈಪ್ ನೋಡಿ, ಟೀ ಕುಡಿದು ಹೋಗಿದ್ದರು. ಹೆಡ್‌ಕ್ಲರ್ಕ್ ವರದಿ ಬರೆದರು. ಈ ಹೆಡ್‌ಕ್ಲರ್ಕ್ ಕಚೇರಿಯೊಳಗೂ ಕೊಡೆ ಹಿಡಿದೇ ಓಡಾಡುವ ಮನುಷ್ಯ. ಛಾವಣಿಯ ಮೇಲಿನ ಟ್ಯಾಂಕು ನಮ್ಮದೇ ಇಲಾಖೆಯದು, ಹಾಗಾಗಿ. ಸಾಹೇಬರಂಥ ಸಾಹೇಬರನ್ನು ‘ಹಿ’ ಎಂದರೆ ‘ಅವನು’ ಎಂದಂತಾಗುತ್ತದಲ್ಲ, ನಾಲಿಗೆ ಹೊರಳೀತೇ? ಗೌರವ ಕೊಟ್ಟು ‘ದೇ’ ಎಂದು ಬರೆದರು. ದೇ ಬಂದರು, ದೇ ಪೈಪ್ ನೋಡಿದರು, ದೇ ಟೀ ಕುಡಿದರು, ದೇ ಹೊರಟರು.

ಸಂಸ್ಥೆಯವರಿಗೆ ಬಹಳ ಸಂತೋಷವಾಯಿತು. ಒಂದು ಪೈಪನ್ನು ಇಷ್ಟು ಜನ ಎಂಜಿನಿಯರುಗಳು ನೋಡಿದ್ದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ತಂಡದ ಗ್ರೂಪ್ ಫೋಟೋ ಕಳಿಸಿ ಎಂದರು. ಸಾಹೇಬರನ್ನು ನಡುವೆ ಕೂರಿಸಿ, ಅಕ್ಕಪಕ್ಕ ಡ್ರೈವರ್, ಕ್ಯಾಷಿಯರ್ ಮತ್ತು ಪೇಪರ್ ಓದುತ್ತಿದ್ದ ನನ್ನನ್ನು ನಿಲ್ಲಿಸಿ ಫೋಟೋ ತೆಗೆಯಲಾಯಿತು. ನಾನು ಸ್ವಲ್ಪ ಎಡಕ್ಕೆ ತಿರುಗಿದ್ದೆ, ಚೆನ್ನಾಗಿ ಬಂದಿದೆ. ಆದರೆ ತಂಡದವರ ವಿದ್ಯಾರ್ಹತೆ ಕೇಳಿ ಇನ್ನೊಂದು ಪತ್ರ ಬಂದಾಗ ಬಣ್ಣ ಬಯಲಾಯಿತು. ಸಂಸ್ಥೆಯವರು ಸೌಮ್ಯವಾಗಿ ಬರೆದರು: ಸಿಬ್ಬಂದಿ ಸರ್ವನಾಮಗಳನ್ನು ಸರಿಯಾಗಿ ಕಲಿಯುವವರೆಗೆ ರಿಪೇರಿಯ ಹಣ ಬಿಡುಗಡೆಯಾಗದು.

ಇತ್ತ ಪೈಪು ಇಂಗ್ಲಿಷಿಗಾಗಿ ಕಾಯಲಿಲ್ಲ. ನೀರು ನೇರ ಟೈಲರಕ್ಕನ ಅಂಗಡಿಗೆ ನುಗ್ಗುತ್ತಿತ್ತು. ಆಕೆ ನಮ್ಮ ಎದುರಿನ ಸಾಲಿನಲ್ಲಿ ಒಂದೇ ಮಿಷನ್ ಇಟ್ಟುಕೊಂಡು ಬದುಕುವ ಹೆಂಗಸು. ಶಾಲೆಯ ಯೂನಿಫಾರಂ ಹೊಲಿಗೆ ಈ ಸಲ ಆಕೆಗೆ ಸಿಕ್ಕಿತ್ತು. ಬಟ್ಟೆ ಗಂಟುಗಳನ್ನು ಮೇಜಿನ ಮೇಲೆ ಏರಿಸಿ, ಮೇಜನ್ನು ಇಟ್ಟಿಗೆಯ ಮೇಲೆ ಏರಿಸಿ, ತಾನು ನೀರಲ್ಲಿ ಕಾಲಿಟ್ಟು ಪೆಡಲ್ ತುಳಿಯುತ್ತಿದ್ದಳು.

“ಸೋಮವಾರ ಶಾಲೆ ಬಾಗಿಲು ತೆಗೀತಾರೆ ಸಾರ್,” ಎಂದು ಹೆಡ್‌ಕ್ಲರ್ಕ್ ಮುಂದೆ ನಿಂತಳು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ನೀಲಿ ಬಣ್ಣ ಬಿಡೋ ಬಟ್ಟೆ. ಬಿಳೀ ಷರ್ಟಿಗೆ ತಾಗಿದ್ರೆ ನನ್ನ ಕಥೆ ಮುಗೀತು. ಈ ಆರ್ಡರ್ ಕೈತಪ್ಪಿದ್ರೆ ವರ್ಷವೆಲ್ಲ ಗುಂಡಿ ಹಾಕ್ಕೊಂಡು ಕೂರ್ಬೇಕು.”

“ಕ್ರಮ ಕೈಗೊಳ್ಳಲಾಗುವುದಮ್ಮ.”

“ಯಾರು ಕೈಗೊಳ್ತಾರೆ?”

“ಕೈಗೊಳ್ಳಲಾಗುವುದು.”

“ಅದೇ, ಯಾರು ಅಂತ?”

ಹೆಡ್‌ಕ್ಲರ್ಕ್ ನನ್ನ ಮುಖ ನೋಡಿದರು. ಪಾಪ, ಹೊರಗಿನವರಿಗೆ ಇದು ತಿಳಿಯುವುದಿಲ್ಲ. ನಮ್ಮ ಕಚೇರಿಯಲ್ಲಿ ಕೆಲಸವನ್ನು ಯಾರೂ ಮಾಡುವುದಿಲ್ಲ, ಅದು ಮಾಡಲಾಗುತ್ತದೆ. ಪತ್ರ ಬರೆಯಲಾಗುತ್ತದೆ, ಫೈಲು ಕಳೆಯಲಾಗುತ್ತದೆ, ವಿಷಾದಿಸಲಾಗುತ್ತದೆ. ನನ್ನ ಇಡೀ ಸೇವಾವಧಿಯಲ್ಲಿ ‘ನಾನು’ ಎಂದು ಬರೆದದ್ದು ರಜೆ ಅರ್ಜಿಯಲ್ಲಿ ಮಾತ್ರ.

ತರಬೇತಿಗೆ ಟ್ಯೂಷನ್ ಮೇಡಂ ಒಬ್ಬರನ್ನು ಕರೆಸಲಾಯಿತು. ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಿದ್ದವರು, ಆದ್ದರಿಂದ ನಮ್ಮವರನ್ನು ನೋಡಿ ಹೆದರಲಿಲ್ಲ. ಮೊದಲ ದಿನವೇ ಸಾಹೇಬರಿಗೂ ಅವರಿಗೂ ಸ್ವಲ್ಪ ಹತ್ತಿಕೊಂಡಿತು.

“ನನ್ನನ್ನೂ ಹಿ, ನಮ್ಮ ಡ್ರೈವರನ್ನೂ ಹಿ ಅನ್ನೋದಾ ಮೇಡಂ?”

“ಇಂಗ್ಲಿಷಲ್ಲಿ ರಾಜನೂ ಹಿ, ಕಳ್ಳನೂ ಹಿ ಸರ್.”

“ಮತ್ತೆ ಆ ರಾಜನಿಗೆ ಮರ್ಯಾದೆ ಹೇಗೆ ಉಳಿಯುತ್ತೆ?”

“ಅವನು ಅರಮನೇಲಿರ್ತಾನಲ್ಲ ಸರ್.”

ಸಾಹೇಬರು ಯೋಚಿಸಿ, ತಮ್ಮ ಕೋಣೆಗೆ ಇನ್ನೊಂದು ಪರದೆ ಹಾಕಿಸಿಕೊಂಡರು.

ಹಿ, ಶಿ, ಇಟ್ ಹೇಗೋ ದಾಟಿತು. ಬಂಡಿ ನಿಂತದ್ದು ‘ಐ’ ಹತ್ತಿರ. ಎಲ್ಲರೂ ಐ ಎಂದು ಶುರುಮಾಡಿ ಒಂದೊಂದು ವಾಕ್ಯ ಬರೆಯಬೇಕಿತ್ತು. ಹೆಡ್‌ಕ್ಲರ್ಕ್ ಆ ಒಂದು ಗೀಟು ಎಳೆದು, ಕೊಡೆಯನ್ನು ಮೊಣಕಾಲಿಗೆ ಒರಗಿಸಿ, ಬಹಳ ಹೊತ್ತು ಕೂತರು.

“ಮೇಡಂ, ಐ ಅಂತ ಬರೆದ ಮೇಲೆ ಮುಂದೆ ಏನಾದ್ರೂ ಮಾಡಿರ್ಬೇಕಾಗುತ್ತಲ್ವಾ?”

“ಮಾಡಿರ್ಬೇಕು.”

“ಮಾಡಿಲ್ದಿದ್ರೆ?”

“ಏನೂ ಮಾಡಿಲ್ಲ ಅಂತ ಬರೀರಿ, ಅದೂ ಸರಿಯಾದ ವಾಕ್ಯವೇ.”

“ಅಯ್ಯೋ, ಫೈಲಲ್ಲಿ ಹಾಗೆ ಬರೆಯೋಕಾಗುತ್ತಾ ತಾಯಿ? ಅದು ಮೇಲಕ್ಕೆ ಹೋಗುತ್ತೆ.”

ಅಂದು ಯಾರ ಹಾಳೆಯಲ್ಲೂ ಐ ಮುಂದೆ ಅಕ್ಷರ ಬೀಳಲಿಲ್ಲ. ಮಾರನೆಯ ದಿನ ನೋಟಿಸ್ ಬೋರ್ಡಿನಲ್ಲಿ ಈ ಸುತ್ತೋಲೆ ಅಂಟಿಸಲಾಯಿತು. ಬಾಯಿಪಾಠವಾಗಿದೆ, ಹೇಳುತ್ತೇನೆ.

‘ಸರ್ವನಾಮಗಳ ಹಂಚಿಕೆ ಕುರಿತು. ಸಾಧನೆಗಳ ವಿಷಯದಲ್ಲಿ ವಿ ಎಂಬುದನ್ನು ಸಾಹೇಬರು ಮಾತ್ರ ಬಳಸತಕ್ಕದ್ದು. ವರ್ಗವಾಗಿ ಹೋದವರನ್ನು ಹಿ ಎನ್ನತಕ್ಕದ್ದು. ಎಲ್ಲ ವಿಳಂಬಗಳನ್ನೂ ಹಿ ಮಾಡಿರುತ್ತಾನೆ. ಮೇಲಧಿಕಾರಿಗಳು ದೇ. ಸಾರ್ವಜನಿಕರು ಯು, ಶುಲ್ಕ ಕಟ್ಟಬೇಕಾದಾಗ ವಿನಾ ಅವರನ್ನು ಸಂಬೋಧಿಸತಕ್ಕದ್ದಲ್ಲ. ಐ ಹುದ್ದೆಯು ಸದ್ಯಕ್ಕೆ ಖಾಲಿ ಇರುತ್ತದೆ.’

ಖಾಲಿ ಇದ್ದರೆ ಹಣ ಬರದು. ಸಂಸ್ಥೆಗೆ ಏಳೂ ಸರ್ವನಾಮ ಬೇಕು. ಭರ್ತಿ ಮಾಡೋಣವೆಂದರೆ ಬಡ್ತಿಯ ಆಸೆ ಇದ್ದವರಿಗೆ ಐ ಬೇಡ, ವರ್ಗಾವಣೆಯ ಭಯ ಇದ್ದವರಿಗೂ ಬೇಡ. ಹೀಗಿರುವಾಗ ಗುರುವಾರ ಬೆಳಿಗ್ಗೆ ಹೆಡ್‌ಕ್ಲರ್ಕ್ ಕಣ್ಣು ಫ್ಯಾನಿನ ಕೆಳಗೆ ಬಿತ್ತು.

“ರಾಯರೇ, ನಿಮಗೆ ಬಡ್ತಿ ಇಲ್ಲ.”

“ಇಲ್ಲ.”

“ವರ್ಗಾವಣೆ ಇಲ್ಲ.”

“ಎಲ್ಲಿಗೆ ಮಾಡ್ತೀರಿ, ಅಡುಗೆಮನೆಗಾ?”

“ಪೆನ್ಷನ್ ಯಾರೂ ಮುಟ್ಟೋ ಹಾಗಿಲ್ಲ. ಹಾಗಾದ್ರೆ ನೀವೇ ಯಾಕೆ ನಮ್ಮ ಐ ಆಗಬಾರದು?”

ಎದೆ ತುಂಬಿ ಬಂತು. ಅಷ್ಟು ವರ್ಷ ದುಡಿದ ಕಚೇರಿ ನನ್ನನ್ನು ಮೊದಲ ಸಲ ಒಬ್ಬ ಮನುಷ್ಯನೆಂದು ಗುರುತಿಸಿತ್ತು. ಅಲ್ಲೇ ಆದೇಶವಾಯಿತು: ಗುತ್ತಿಗೆ ಆಧಾರದ ಮೇಲೆ ಐ, ಕಚೇರಿ ವೇಳೆಯಲ್ಲಿ ಮಾತ್ರ, ದಿನಕ್ಕೆರಡು ಟೀ. ಮನೆಗೆ ಫೋನ್ ಮಾಡಿ ಹೇಳಿದೆ.

“ತಪ್ಪು ಒಪ್ಪಿಕೊಳ್ಳೋ ಕೆಲಸವಾ? ನಿಮಗಾ?” ಎಂದಳು ನನ್ನ ಹೆಂಡತಿ. “ಮದುವೆಯಾದಾಗಿನಿಂದ ಒಂದು ಸಲ ‘ನಂದೇ ತಪ್ಪು’ ಅಂದವರಲ್ಲ. ಅವರು ಅನುಭವ ಕೇಳಲಿಲ್ವಾ?”

ಮೊದಲ ಪತ್ರ ಟೈಲರಕ್ಕನಿಗೆ. ಮೇಡಂ ಹೇಳಿಕೊಟ್ಟರು, ನಾನು ಬರೆದೆ: ಈ ಪೈಪಿಗೆ ಐ ಹೊಣೆ, ಐ ವಿಷಾದಿಸುತ್ತೇನೆ, ಐ ರಿಪೇರಿ ಮಾಡುತ್ತೇನೆ. ಒಂದೂ ತಪ್ಪಿಲ್ಲ. ಅಳು ಬರುವಷ್ಟು ಚೆನ್ನಾಗಿತ್ತು ಎಂದು ಕ್ಯಾಷಿಯರ್ ಅಂದ.

ಹತ್ತು ನಿಮಿಷವಾಗಿಲ್ಲ, ಟೈಲರಕ್ಕ ಕಾಗದ ಹಿಡಿದು ಬಂದಳು.

“ಇದರಲ್ಲಿರೋ ಐ ಯಾರು?”

ನಮ್ಮ ಕಚೇರಿಯಲ್ಲಿ ಇಷ್ಟೊಂದು ಬೆರಳುಗಳು ಒಂದೇ ದಿಕ್ಕಿಗೆ ತಿರುಗಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

“ನೀವಾ ಯಜಮಾನ್ರೇ? ಸರಿ, ಏಳಿ. ರಿಪೇರಿ ಮಾಡ್ತೀನಿ ಅಂತ ಬರೆದಿದ್ದೀರಲ್ಲ.”

“ಅಮ್ಮಾ, ಅದು ಬರವಣಿಗೆ,” ಎಂದರು ಹೆಡ್‌ಕ್ಲರ್ಕ್.

“ಓದಿದ್ದೀನಿ. ಏಳಿ.”

ಎದ್ದೆ. ಏನು ಹೇಳಲಿ, ಸಹಿ ಹಾಕಿದ ಕೈ ಇನ್ನೂ ಬೆಚ್ಚಗಿತ್ತು. ರಸ್ತೆಯಲ್ಲಿ ಒಂದು ಕಬ್ಬಿಣದ ಮುಚ್ಚಳ, ಅದರಡಿ ನೀರು ಬಿಡುವ, ನಿಲ್ಲಿಸುವ ತುಕ್ಕು ಹಿಡಿದ ಎರಡು ಗಾಲಿ. ನಾನು ಬಿಲ್ ವಿಭಾಗದವನು, ಯಾವುದು ಯಾವುದಕ್ಕೆ ಎಂದು ನನಗೇನು ಗೊತ್ತು? ಪಕ್ಷಪಾತ ಬೇಡವೆಂದು ಎರಡನ್ನೂ ತಿರುಗಿಸಿದೆ. ಕೈ ಸೋತಾಗ ಟೈಲರಕ್ಕ ತಾನೂ ಕೈಹಚ್ಚಿದಳು. ನೆಲದೊಳಗೆ ಏನೋ ಗೊರಗೊರ ಎಂದಿತು, ಆಮೇಲೆ ಸದ್ದಡಗಿತು. ಅಂಗಡಿಯ ಹೊಸ್ತಿಲಲ್ಲಿ ನೀರು ಹಿಂದೆ ಸರಿಯುತ್ತಿತ್ತು. ಆಕೆ ಬಗ್ಗಿ ಪೆಡಲ್ ಒರೆಸಿ ಹೊಲಿಯಲು ಕೂತಳು.

ಅದೇ ಗಳಿಗೆಯಲ್ಲಿ ಇಡೀ ಬಡಾವಣೆಯ ನಲ್ಲಿಗಳೂ ನಿಂತವು. ಸಾಹೇಬರ ಮನೆಯದೂ ಸೇರಿ.

ಕಚೇರಿಯಲ್ಲಿ ತುರ್ತು ಸಭೆ ಕೂಡಿತು. ತಪ್ಪಿತಸ್ಥನನ್ನು ಯಾರೂ ಹುಡುಕಬೇಕಾಗಲಿಲ್ಲ, ನನ್ನ ಹುದ್ದೆಯೇ ಅದು. ಆದರೆ ಗಾಲಿಗಳನ್ನು ಮತ್ತೆ ತಿರುಗಿಸಬೇಕಾದರೆ ‘ಐ ತಿರುಗಿಸುತ್ತೇನೆ’ ಎಂದು ಯಾರಾದರೂ ಬರೆಯಬೇಕು; ನಾನು ಬರೆದರೆ ಟೈಲರಕ್ಕನಂತೆ ಇನ್ಯಾರೋ ಬಂದು ಏಳಿ ಎನ್ನುತ್ತಾರೆ, ಬರೆದ ಹಾಗೆ ಮಾಡಿಸುತ್ತಾರೆ. ಚರ್ಚೆಯ ಬಳಿಕ ಸುತ್ತೋಲೆಗೆ ತಿದ್ದುಪಡಿ ಸೇರಿಸಲಾಯಿತು: ‘ಐ ಎಂಬುದು ಬರೆಯುವುದಕ್ಕಷ್ಟೆ, ಅದರಂತೆ ನಡೆದುಕೊಳ್ಳತಕ್ಕದ್ದಲ್ಲ.’ ಗಾಲಿಗಳು ಇದ್ದ ಹಾಗೇ ಉಳಿದವು.

ಮುಂದಿನದೆಲ್ಲ ಸುಖಾಂತ. ಯೂನಿಫಾರಂಗಳು ಒಣಗಿದ ನೆಲದ ಮೇಲೆ ಮಡಿಕೆಯಾಗಿ ಸೋಮವಾರಕ್ಕೆ ಶಾಲೆ ಸೇರಿದವು. ಉಳಿದ ನೀಲಿ ಬಟ್ಟೆಯಲ್ಲಿ ಟೈಲರಕ್ಕ ನನಗೊಂದು ಅಂಗಿ ಹೊಲಿದು, ಜೇಬಿನ ಮೇಲೆ ಬಿಳಿ ದಾರದಲ್ಲಿ ‘ಐ’ ಎಂದು ಕಸೂತಿ ಹಾಕಿಕೊಟ್ಟಳು. ಸಂಸ್ಥೆಯವರು ಮೀಟರು ನೋಡಿ ಸೋರಿಕೆ ಸೊನ್ನೆಗಿಳಿದಿದೆಯೆಂದು ಬೆರಗಾದರು. ನೀರೇ ಇಲ್ಲದ ಮೇಲೆ ಸೋರುವುದು ಎಲ್ಲಿಂದ? ‘ಸೋರಿಕೆ ಶೂನ್ಯ, ಸರ್ವನಾಮ ಶುದ್ಧ’ ಎಂಬ ಫಲಕ ಬಂತು. ಅದನ್ನು ವಿ ಸ್ವೀಕರಿಸಿದೆವು, ಅಂದರೆ ಸಾಹೇಬರು. ರಿಪೇರಿಯ ಹಣವೂ ಬಂತು. ರಿಪೇರಿಗೆ ಏನೂ ಉಳಿದಿರಲಿಲ್ಲವಾದ್ದರಿಂದ ಅದರಲ್ಲಿ ಟ್ಯಾಂಕರ್ ಬಾಡಿಗೆಗೆ ತರಲಾಯಿತು. ಜನ ಈಗ ಕೊಡ ಹಿಡಿದು ಸಾಲಾಗಿ ನಿಲ್ಲುತ್ತಾರೆ. ದೂರು ಕೊಟ್ಟವರಿಗೆಲ್ಲ ನನ್ನ ಪತ್ರ ಹೋಗುತ್ತದೆ. ನೀರಿಲ್ಲದಿದ್ದರೆ ಹೋಗಲಿ, ಒಬ್ಬರಾದರೂ ‘ನಾನು’ ಅಂದರಲ್ಲ ಎಂದು ಕೆಲವರು ಕಣ್ಣೊರೆಸಿಕೊಂಡದ್ದೂ ಉಂಟು.

ಆದರೆ ಗಾಲಿ ತಿರುಗಿಸಿದ ದಿನದ ಸಂಜೆಯದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗದು. ಮನೆಗೆ ಬಂದೆ. ನಮ್ಮ ಮನೆಯೂ ಅದೇ ಬಡಾವಣೆ. ಹೆಂಡತಿ ಸಿಂಕಿನ ಮುಂದೆ ಸೋಪು ಹಚ್ಚಿದ ಪಾತ್ರೆಗಳ ನಡುವೆ ನಿಂತಿದ್ದಳು, ಕೈ ತುಂಬ ನೊರೆ.

“ರೀ, ಬೆಳಿಗ್ಗೆಯಿಂದ ಒಂದು ಹನಿ ಇಲ್ಲ. ನಿಮ್ಮ ಕಚೇರಿಯದೇ ಕೆಲಸ. ಯಾರ್ರೀ ಮಾಡಿದ್ದು?”

ಗೋಡೆ ಗಡಿಯಾರ ನೋಡಿದೆ. ಕಚೇರಿ ವೇಳೆ ಮುಗಿದಿತ್ತು.

“ದೇ,” ಎಂದೆ.

ಗೌರವಸ್ಥರು ಒಬ್ಬರೇ ಇದ್ದರೂ ದೇ ಎನ್ನುವುದು ನಮ್ಮ ಕಚೇರಿಯ ಹಳೆಯ ಪದ್ಧತಿ. ಹಾಗೆ ನೋಡಿದರೆ ನಾನು ಸುಳ್ಳು ಹೇಳಲಿಲ್ಲ. ಅವಳೂ ನಂಬಿದಳು. “ಅವರ ಕೈ ಸೇದಿಹೋಗ,” ಎಂದು ಶಪಿಸಿ, ಎರಡು ಕೊಡ ನನ್ನ ಕೈಗೆ ಕೊಟ್ಟಳು. ಗಾಲಿ ತಿರುಗಿಸಿದ್ದಕ್ಕೆ ಭುಜ ಆಗಲೇ ಸೇದಿಹೋಗಿತ್ತು. ಆದರೂ ಎತ್ತಿಕೊಂಡು ಹೊರಟೆ. ಅಂದು ಜೂನ್ ನಾಲ್ಕು, ಗುರುವಾರ.